ಚೆಕ್‌ರೋಲಿನಲ್ಲಿಲ್ಲದ ಕಲಂ: ಕೊಡಗಿನ ತೋಟಗಳಲ್ಲಿ ಜಾರಿ, ಎಡವಿ, ಬಿದ್ದವರ ಕುರಿತು



ಈ ಉಪನ್ಯಾಸದಲ್ಲಿ ಯಾವ ವಿಷಯದ ಮೇಲೆ ಮಾತಾಡಬೇಕೆಂಬುದನ್ನು ಸಂಘಟಕರು ನನಗೇ ಬಿಟ್ಟಿದ್ದರು. ಕೊಡಗು ಎಂದಕೂಡಲೇ ಕಾವೇರಿ, ಕಾಫಿ, ಕೋವಿ ನೆನಪಾಗುತ್ತವೆ. ಅವುಗಳ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲವರು ಈ ಸಭೆಯಲ್ಲೇ ಇದ್ದಾರೆ. ನಾನು ಇವತ್ತು ಬಿದ್ದವರ ಬಗ್ಗೆ ಮಾತಾಡಲು ಬಂದಿದ್ದೇನೆ. ಏಣಿಯಿಂದ ಬಿದ್ದವರು, ಇಳಿಜಾರಿನಲ್ಲಿ ಜಾರಿದವರು, ಗುಂಡಿಗೆ ಕಾಲಿಟ್ಟು ಮುಗ್ಗರಿಸಿದವರು.

ನನ್ನ ತಂದೆ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ಸಂಜೆ ಊಟಕ್ಕೆ ಮುಂಚೆ ಲಾಟೀನಿನ ಬೆಳಕಿನಲ್ಲಿ ಅವರು ಚೆಕ್‌ರೋಲ್ ಬಿಡಿಸಿಕೊಂಡು ಕೂರುತ್ತಿದ್ದರು. ಎಡಗಡೆ ಆಳುಗಳ ಹೆಸರು, ಬಲಗಡೆ ತಿಂಗಳ ಒಂದೊಂದು ದಿನಕ್ಕೆ ಒಂದೊಂದು ಪುಟ್ಟ ಮನೆ. ಪೂರ್ತಿ ದಿನ ಬಂದವರಿಗೆ ಒಂದು, ಅರ್ಧ ದಿನಕ್ಕೆ ಅರೆ, ಬಾರದವರಿಗೆ ಅಡ್ಡಗೆರೆ. ಕೂಡುವ ಲೆಕ್ಕ ನನ್ನ ಪಾಲಿಗೆ. ಒಂದು ಫೆಬ್ರವರಿಯಲ್ಲಿ ಒಬ್ಬರ ಸಾಲು ನನ್ನ ಕಣ್ಣಿಗೆ ಬಿತ್ತು. ಹನ್ನೊಂದು ದಿನ ಒಂದು, ಹನ್ನೆರಡನೆಯ ದಿನ ಅರೆ, ಆಮೇಲೆ ತಿಂಗಳ ಕೊನೆಯವರೆಗೂ ಅಡ್ಡಗೆರೆ.

"ಇವರು ಯಾಕಪ್ಪ ಬರ್ಲಿಲ್ಲ?" ಎಂದು ಕೇಳಿದೆ.

"ಮೆಣಸು ಕೊಯ್ಯೋವಾಗ ಬಿದ್ದ. ಕಾಲು ಜಾರಿತಂತೆ."

"ಅದನ್ನ ಎಲ್ಲಿ ಬರೀತೀರಿ?"

ಅಪ್ಪ ಪುಟವನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. "ಅದಕ್ಕೆ ಕಲಂ ಇಲ್ಲ ಮಗ" ಎಂದರು.

ಮಾರ್ಚಿನ ಪುಟದಲ್ಲಿ ಆ ಹೆಸರೇ ಇರಲಿಲ್ಲ. ಅವರಿದ್ದ ಲೈನ್ ಮನೆಗೆ ಬೇರೆ ಸಂಸಾರ ಬಂದಿತ್ತು.

ಮುಂದೆ ನಾನು ವಕೀಲನಾದೆ. ಪರಿಹಾರದ ಪ್ರಕರಣಗಳಲ್ಲಿ ಆಸ್ಪತ್ರೆಯ ಚೀಟಿ, ಪೊಲೀಸರಿಗೆ ಕೊಟ್ಟ ಹೇಳಿಕೆ, ಮಾಲೀಕರ ತಕರಾರು ಎಲ್ಲದರಲ್ಲೂ ಒಂದೇ ಸಾಲು ಓದಿದೆ: "ಆಕಸ್ಮಿಕವಾಗಿ ಕಾಲು ಜಾರಿ ಬಿದ್ದು ಗಾಯವಾಗಿರುತ್ತದೆ." ಈ ವಾಕ್ಯದ ವ್ಯಾಕರಣವನ್ನು ನೀವೇ ನೋಡಿ. ಇಲ್ಲಿ ಜಾರುವ ಕ್ರಿಯೆಗೆ ಕರ್ತೃ ಕಾಲು. ಜಾರಿದ್ದು ಕಾಲು, ಹಾಗಾಗಿ ತಪ್ಪೂ ಕಾಲಿನದು, ಕಾಲು ಯಾರದೋ ಅವರದು. ಒದ್ದೆ ನೆಲ ಈ ವಾಕ್ಯದಲ್ಲಿಲ್ಲ. ಕಟ್ಟದೇ ಬಿಟ್ಟ ಏಣಿ ಇಲ್ಲ. ಕಿಲೋ ಲೆಕ್ಕದ ಕೂಲಿಯ ಅವಸರವೂ ಇಲ್ಲ. ಇವೆಲ್ಲ ಆ ವಾಕ್ಯದೊಳಕ್ಕೆ ಬರಬೇಕು ಎಂಬುದೇ ಈ ಉಪನ್ಯಾಸದ ತಿರುಳು. ಬಿದ್ದದ್ದಕ್ಕೆ ಕಾರಣವನ್ನು ಬಿದ್ದವರ ಕಾಲಿನಲ್ಲಿ ಹುಡುಕುವುದನ್ನು ಬಿಟ್ಟು, ಕೆಲಸ ನಡೆದ ಜಾಗದಲ್ಲಿ ಹುಡುಕೋಣ.

ಇದು ನಮ್ಮ ಜಿಲ್ಲೆಯ ಸಂಕಟ ಮಾತ್ರ ಅಲ್ಲ. ಜಗತ್ತಿನಲ್ಲಿ ಬಿದ್ದು ಸಾಯುವವರ ಸಂಖ್ಯೆ ವರ್ಷಕ್ಕೆ ಸುಮಾರು 6,84,000 ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಆಕಸ್ಮಿಕ ಗಾಯದ ಸಾವುಗಳಲ್ಲಿ ರಸ್ತೆ ಅಪಘಾತ ಮೊದಲನೆಯದು, ಬೀಳುವುದು ಎರಡನೆಯದು. ಸಾಯುವವರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಬಡ ಮತ್ತು ಮಧ್ಯಮ ಆದಾಯದ ದೇಶಗಳವರು.

ಕನ್ನಡದ ನಾಲ್ಕು ಕ್ರಿಯಾಪದಗಳನ್ನು ಹಿಡಿದುಕೊಂಡು ಮುಂದೆ ಹೋಗುತ್ತೇನೆ.

ಜಾರು

ಕೊಡಗಿನ ಮಳೆಯನ್ನು ನಾವು ಇಂಚಿನಲ್ಲಿ ಅಳೆಯುತ್ತೇವೆ. ಭಾಗಮಂಡಲದ ಕಡೆ 200 ಇಂಚು ದಾಟುವ ವರ್ಷಗಳುಂಟು. ಜೂನಿನಿಂದ ಸೆಪ್ಟೆಂಬರ್‌ವರೆಗೆ ತೋಟದ ಕೆಲಸ ನಿಲ್ಲುವುದಿಲ್ಲ. ಚರಂಡಿ ಬಿಡಿಸಬೇಕು, ಚಿಗುರು ತೆಗೆಯಬೇಕು, ಮುರಿದ ಕೊಂಬೆ ಎಳೆದುಹಾಕಬೇಕು. ಕೆಮ್ಮಣ್ಣಿನ ಇಳಿಜಾರು, ಅದರ ಮೇಲೆ ಕೊಳೆತ ತರಗು, ತರಗಿನ ಮೇಲೆ ನೀರು. ಅದರ ಮೇಲೆ ನಡೆಯುವವರ ಕಾಲಲ್ಲಿ ತಳ ಸವೆದ ಹವಾಯಿ ಚಪ್ಪಲಿ. ತಲೆಯ ಮೇಲಿನ ಪ್ಲಾಸ್ಟಿಕ್ ಕೊಪ್ಪೆ ಎರಡು ಕಡೆಯ ನೋಟವನ್ನೂ ಮುಚ್ಚಿರುತ್ತದೆ. ಇಷ್ಟೆಲ್ಲ ಕೂಡಿದ ಮೇಲೆ ಕಾಲು ಜಾರದಿದ್ದರೆ ಅದೇ ಆಶ್ಚರ್ಯ.

ಮಳೆ ನಿಂತ ಮೇಲೂ ಜಾರುವ ಜಾಗಗಳಿವೆ. ಪಲ್ಪರ್ ಮನೆಯ ನೆಲದ ಮೇಲೆ ಕಾಫಿ ಹಣ್ಣಿನ ಅಂಟು ರಸ ಹರಡಿರುತ್ತದೆ. ಕಣದ ಅಂಚಿನಲ್ಲಿ ಮಳೆಗಾಲದ ಪಾಚಿ ಒಣಗಿ ಕೂತಿರುತ್ತದೆ. ನವೆಂಬರ್‌ನ ಒಂದು ಇಬ್ಬನಿಗೆ ಅದು ಮತ್ತೆ ಜೀವ ಪಡೆಯುತ್ತದೆ. ಸಂಜೆ ಹಣ್ಣಿನ ಚೀಲ ಹೊತ್ತು ಅಳತೆಯ ಜಾಗಕ್ಕೆ ಇಳಿಯುವ ಹೆಂಗಸರ ಹೆಜ್ಜೆಗಳನ್ನು ಒಮ್ಮೆ ಗಮನಿಸಿ. ತಲೆಯ ಮೇಲೆ ಭಾರವಿದ್ದಾಗ ಕುತ್ತಿಗೆ ಬಗ್ಗುವುದಿಲ್ಲ, ಪಾದ ಎಲ್ಲಿ ಊರುತ್ತಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಹೆಬ್ಬೆರಳಿನಿಂದ ನೆಲವನ್ನು ತಡವಿ ತಡವಿ ಇಳಿಯುತ್ತಾರೆ.

ಜಾರಿದವರು ಸಾಮಾನ್ಯವಾಗಿ ಕೈಯೂರಿ ಬೀಳುತ್ತಾರೆ, ಮಣಿಕಟ್ಟು ಮುರಿಯುತ್ತದೆ. ಇದನ್ನು ಸಣ್ಣ ಪೆಟ್ಟು ಎನ್ನುತ್ತೇವೆ. ಆದರೆ ಕಾಫಿ ಕೊಯ್ಯುವುದು ಕೈಯಿಂದ. ಆರು ವಾರ ಪ್ಲಾಸ್ಟರ್ ಎಂದರೆ ಆರು ವಾರ ಕೂಲಿ ಇಲ್ಲ. ಕೊಯ್ಲೇ ಮೂರು ತಿಂಗಳದ್ದು. ಅದರಲ್ಲಿ ಅರ್ಧ ಹೋಯಿತು. ವರ್ಷದ ನಾಲ್ಕು ಕಾಸು ಕೂಡಿಡುವ ಹಂಗಾಮೇ ಅದು.

ಇದಕ್ಕೆ ಬೇಕಾದದ್ದು ದೊಡ್ಡ ಯಂತ್ರವಲ್ಲ. ದಿನವೂ ನಡೆಯುವ ಇಳಿಜಾರಿಗೆ ಗುದ್ದಲಿಯಿಂದ ಮೆಟ್ಟಿಲು ಕಡಿದು, ಹಿಡಿಯಲು ಒಂದು ಬಿದಿರು ಕಟ್ಟುವುದು. ಕಣವನ್ನು ಹಂಗಾಮಿಗೆ ಮುಂಚೆ ಬ್ಲೀಚಿಂಗ್ ಪುಡಿ ಹಾಕಿ ಉಜ್ಜುವುದು. ಮಳೆಗಾಲ ಹಿಡಿಯುವ ಮುಂಚೆ ಹಲ್ಲಿರುವ ತಳದ ಗಮ್ ಬೂಟು ಕೊಡುವುದು. ಚೀಲವನ್ನು ಅರ್ಧ ತುಂಬಿಸಿ ಎರಡು ಸಲ ಹೊರಿಸುವುದು. ಒಬ್ಬ ಮೇಸ್ತ್ರಿ ಎರಡು ದಿನದಲ್ಲಿ ಮುಗಿಸಬಹುದಾದ ಕೆಲಸಗಳಿವು.

ಎಡವು

ನೀರು ಇಂಗಲೆಂದು ನಮ್ಮ ತೋಟಗಳಲ್ಲಿ ಕಾಫಿ ಸಾಲುಗಳ ನಡುವೆ ತೊಟ್ಟಿಲು ಗುಂಡಿ ತೆಗೆಯುತ್ತೇವೆ. ಮಣ್ಣಿಗೂ ನೀರಿಗೂ ಅದು ಬಹಳ ಒಳ್ಳೆಯದು. ಆದರೆ ಡಿಸೆಂಬರ್ ಹೊತ್ತಿಗೆ ಅದರ ಮೇಲೆ ತರಗು ಬಿದ್ದು ಗುಂಡಿಯೂ ನೆಲವೂ ಒಂದೇ ಆಗಿ ಕಾಣುತ್ತವೆ. ತಲೆಯೆತ್ತಿ ರೆಂಬೆಯಿಂದ ಹಣ್ಣು ಬಿಡಿಸುತ್ತ ಪಕ್ಕಕ್ಕೆ ಒಂದು ಹೆಜ್ಜೆ ಇಟ್ಟವರ ಕಾಲು ಮೊಣಕಾಲಿನವರೆಗೆ ಒಳಗೆ ಹೋಗುತ್ತದೆ. ಮೈ ಒಂದು ಕಡೆಗೆ, ಕಾಲು ಇನ್ನೊಂದು ಕಡೆಗೆ. ಗುಂಡಿಯ ಎರಡು ತುದಿಗೆ ಸುಣ್ಣ ಬಳಿದ ಗೂಟ ಹುಗಿದಿದ್ದರೆ ಸಾಕಿತ್ತು, ಈ ಮಾತನ್ನು ನಾನು ಇಲ್ಲಿ ಹೇಳಬೇಕಾಗಿರಲಿಲ್ಲ.

ಮರಗಸಿ ಮಾಡಿದ ಮೇಲೆ, ಅಂದರೆ ನೆರಳಿನ ಮರಗಳನ್ನು ಸವರಿದ ಮೇಲೆ ದಾರಿಗೆ ಅಡ್ಡ ಬಿದ್ದ ಕೊಂಬೆ, ಪೊದೆ ಕಡಿದಾಗ ಓರೆಯಾಗಿ ಉಳಿದ ಚೂಪು ಬುಡ, ಫೆಬ್ರವರಿ ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆಗೆ ಬದಲಾಗಿ ಸ್ಪ್ರಿಂಕ್ಲರ್ ಹಾಕಲು ಹರಡಿದ ಪೈಪು, ಇವೆಲ್ಲ ಎಡವುವ ತಾಣಗಳು. ಪೈಪು ಬದಲಿಸುವುದು ರಾತ್ರಿ ಕೆಲಸವೂ ಹೌದು. ಕೈಯಲ್ಲಿ ಟಾರ್ಚ್ ಹಿಡಿದರೆ ಪೈಪು ಹಿಡಿಯಲು ಕೈಯಿಲ್ಲ. ಹಣೆಗೆ ಕಟ್ಟುವ ದೀಪವನ್ನು ರಾತ್ರಿ ಪಾಳಿಯ ಪ್ರತಿಯೊಬ್ಬರಿಗೂ ಕೊಡುವುದು ಮಾಲೀಕರ ಹೊಣೆ.

ಇನ್ನೊಂದು ಎಡವು ಕೊಡಗಿನದೇ. ಆನೆ ಬಂತೆಂದು ಓಡುವುದು. ಸಿದ್ದಾಪುರ, ಪಾಲಿಬೆಟ್ಟ, ಅಮ್ಮತ್ತಿ, ತಿತಿಮತಿ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆನೆ ಮುಟ್ಟದಿದ್ದರೂ ಓಟದಲ್ಲಿ ಬಿದ್ದು ಸೊಂಟ, ಮಂಡಿ ಮುರಿದುಕೊಂಡವರಿದ್ದಾರೆ. ಬೆಳಿಗ್ಗೆ ಆಳುಗಳನ್ನು ಒಳಗೆ ಬಿಡುವ ಮುಂಚೆ ಆನೆ ಎಲ್ಲಿದೆ ಎಂದು ವಿಚಾರಿಸುವುದು, ಓಡುವ ದಾರಿಯನ್ನು ತೆರವಾಗಿ ಇಡುವುದು ಕೂಡ ಬೀಳದಂತೆ ಕಾಯುವ ಕೆಲಸವೇ.

ಬೀಳು

ಈಗ ಏಣಿಯ ಮಾತಿಗೆ ಬರುತ್ತೇನೆ. ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್ ನೆಟ್ಟಗೆ ಬೆಳೆಯುವ ಮರ. ಕಾಫಿಗೆ ನೆರಳು, ಮೆಣಸಿನ ಬಳ್ಳಿಗೆ ಆಸರೆ, ಕಡಿದರೆ ಹಣ. ಮರ ಮೇಲೆ ಹೋದಂತೆ ಬಳ್ಳಿಯೂ ಮೇಲೆ ಹೋಯಿತು, ಬಳ್ಳಿಯ ಹಿಂದೆ ಏಣಿಯೂ ಹೋಯಿತು. 30 ಅಡಿಯ ಏಣಿ ಈಗ ನಮಗೆ ಎತ್ತರವೆಂದೇ ಅನಿಸುವುದಿಲ್ಲ. ಆದರೆ 30 ಅಡಿಯಿಂದ ಬಿದ್ದವರು ಒಂದೂವರೆ ಸೆಕೆಂಡಿಗೂ ಮುಂಚೆ, ಗಂಟೆಗೆ ಸುಮಾರು 48 ಕಿಲೋಮೀಟರ್ ವೇಗದಲ್ಲಿ ನೆಲ ಮುಟ್ಟುತ್ತಾರೆ. ಅಮ್ಮಾ ಎನ್ನಲು ಸಹ ಸಮಯವಿಲ್ಲ.

ಹಿಂದಿನ ವರ್ಷ ಮೆಣಸಿನ ಕೊಯ್ಲಿನ ದಿನಗಳಲ್ಲಿ ಒಬ್ಬ ಅನುಭವಿ ಕೆಲಸಗಾರರ ಬಳಿ ಒಂದು ಬೆಳಗು ನಿಂತು ನೋಡಿದೆ. ಮೊದಲು ಅವರು ಏಣಿಯ ಬುಡದ ತರಗನ್ನು ಕಾಲಿನಿಂದ ಸರಿಸಿದರು. ಇಳಿಜಾರಿನ ಕೆಳಬದಿಗೆ ಬಂದ ಕಾಲಿನ ಅಡಿ ಚಪ್ಪಟೆ ಕಲ್ಲು ಇಡಲಿಲ್ಲ. ಮೇಲ್ಬದಿಯ ಕಾಲಿಗೆ ಗುಳಿ ತೋಡಿ ಎರಡನ್ನೂ ಸಮಮಾಡಿದರು. "ಕಲ್ಲು ಇಟ್ರೆ ಮೇಲೆ ಹೋದ್ಮೇಲೆ ಅದು ನನ್ನ ಮಾತು ಕೇಳಲ್ಲ ಸಾರ್" ಎಂದರು. ನಾಲ್ಕು ಮೆಟ್ಟಿಲು ಹತ್ತಿ, ಏಣಿಯನ್ನು ಮೈಯಿಂದ ಒಮ್ಮೆ ಅಲುಗಿಸಿ, ಮತ್ತೆ ಇಳಿದು ಕಾಲನ್ನು ಸರಿಮಾಡಿದರು. ಆಮೇಲೆ ಹತ್ತಿ, ತುದಿಯನ್ನು ಕಾಂಡಕ್ಕೆ ಹಗ್ಗದಿಂದ ಬಿಗಿದರು. ಇಷ್ಟಕ್ಕೆ ಹಿಡಿದದ್ದು ಎಂಟು ನಿಮಿಷ. ಪಕ್ಕದ ಸಾಲಿನ ಹುಡುಗರು ಅಷ್ಟರಲ್ಲಿ ಒಂದು ಮರ ಮುಗಿಸುತ್ತಾ ಬಂದಿದ್ದರು, ಹಗ್ಗವಿಲ್ಲದೆ. ಕೂಲಿ ಕಿಲೋ ಲೆಕ್ಕ. ಆ ಎಂಟು ನಿಮಿಷಕ್ಕೆ ಯಾರೂ ಕಾಸು ಕೊಡುವುದಿಲ್ಲ. ಸುರಕ್ಷಿತವಾಗಿ ದುಡಿಯುವವರಿಗೆ ಕಡಿಮೆ ಕೂಲಿ, ಅಪಾಯಕ್ಕೆ ಮೈಯೊಡ್ಡಿದವರಿಗೆ ಹೆಚ್ಚು ಕೂಲಿ. ಈ ಲೆಕ್ಕವೇ ಅವರನ್ನು ತಳ್ಳುತ್ತಿದೆ. ಏಣಿ ನಿಲ್ಲಿಸಿ ಕಟ್ಟುವ ಹೊತ್ತಿಗೂ ಮರಕ್ಕಿಷ್ಟು ಎಂದು ಕೂಲಿ ಸೇರಿಸಿದರೆ, ಹಗ್ಗ ತಾನಾಗಿ ಗಂಟು ಬೀಳುತ್ತದೆ.

ಏಣಿಯ ವಿಷಯದಲ್ಲಿ ನೆನಪಿಡಬೇಕಾದದ್ದು ಸ್ವಲ್ಪವೇ. ನಾಲ್ಕು ಅಡಿ ಎತ್ತರಕ್ಕೆ ಬುಡ ಒಂದು ಅಡಿ ಹೊರಗಿರಬೇಕು. ಎರಡು ಕಾಲು ಒಂದು ಕೈ, ಇಲ್ಲವೇ ಎರಡು ಕೈ ಒಂದು ಕಾಲು ಸದಾ ಆಸರೆಯಲ್ಲಿರಬೇಕು. ಸೊಂಟ ಏಣಿಯ ಎರಡು ಕಂಬಗಳ ಆಚೆಗೆ ಹೋಗಬಾರದು; ಕೈಗೆ ಎಟುಕದ ಗೊಂಚಲಿಗೆ ಇಳಿದು ಏಣಿ ಸರಿಸಬೇಕು. ಮರಗಸಿಗೆ ಹತ್ತುವವರಿಗೆ ಪೂರ್ತಿ ಮೈಯ ಸುರಕ್ಷಾ ಬೆಲ್ಟ್ ಬೇಕು. ಸೊಂಟಕ್ಕೆ ಸುತ್ತಿದ ಒಂಟಿ ಹಗ್ಗ, ಬಿದ್ದಾಗ ಹೊಟ್ಟೆಯನ್ನೇ ಹಿಸುಕುತ್ತದೆ. ಪೂರ್ತಿ ಬೆಲ್ಟ್ ಆ ಜಗ್ಗನ್ನು ತೊಡೆಗೂ ಎದೆಗೂ ಹಂಚುತ್ತದೆ. ಬಳ್ಳಿಯ ತುದಿಯನ್ನು ಒಂದು ಎತ್ತರದಲ್ಲಿ ತಡೆದು ಬೆಳೆಸುವುದು, ನಿಂತ ನೆಲದಿಂದಲೇ ಕೊಯ್ಯಬಹುದಾದ ಪೊದೆ ಮೆಣಸನ್ನು ಸ್ವಲ್ಪ ಜಾಗದಲ್ಲಾದರೂ ಬೆಳೆಸುವುದು, ಇವನ್ನು ಬೇಸಾಯದ ಮಾತಷ್ಟೇ ಎಂದುಕೊಳ್ಳಬೇಡಿ. ಎತ್ತರವೇ ಇಲ್ಲದ ಕಡೆ ಬೀಳುವ ಭಯವೂ ಇಲ್ಲ.

ಇನ್ನು ಅಲ್ಯೂಮಿನಿಯಂ ಏಣಿ. ಹಗುರ ಎಂದು ಬಿದಿರೇಣಿಯ ಜಾಗಕ್ಕೆ ಬಂದ ಇದು ವಿದ್ಯುತ್ತಿಗೆ ಹೆದ್ದಾರಿ. 11 ಕೆ.ವಿ. ತಂತಿ ರಸ್ತೆ ದಾಟುವ ಕಡೆಯೇ ನೆಲದಿಂದ ಇರಬೇಕಾದ ಕನಿಷ್ಠ ಎತ್ತರ 6.1 ಮೀಟರ್, ಅಂದರೆ 20 ಅಡಿ. ನಮ್ಮ ಏಣಿ 30 ಅಡಿ. ಒಂದು ಮರದಿಂದ ಇನ್ನೊಂದಕ್ಕೆ ಏಣಿಯನ್ನು ನೆಟ್ಟಗೆ ಹಿಡಿದು ಸಾಗಿಸುವಾಗ ಎಲೆಗಳ ನಡುವಿನ ತಂತಿ ಕಾಣುವುದಿಲ್ಲ. ಮೆಣಸಿನ ಕೊಯ್ಲು ಬಂತೆಂದರೆ ಏಣಿ ತಂತಿಗೆ ತಗುಲಿ ಸತ್ತವರ ಸುದ್ದಿ ಕೊಡಗಿನಲ್ಲೂ ಚಿಕ್ಕಮಗಳೂರಿನಲ್ಲೂ ಓದುತ್ತಲೇ ಇದ್ದೇವೆ. ಸ್ಪ್ರಿಂಕ್ಲರಿನ ಅಲ್ಯೂಮಿನಿಯಂ ಪೈಪನ್ನು ನೆಟ್ಟಗೆ ಎತ್ತಿದಾಗಲೂ ಇದೇ ಆಗುತ್ತದೆ. ತಂತಿ ಹಾದುಹೋಗುವ ಸಾಲುಗಳಲ್ಲಿ ಫೈಬರ್ ಏಣಿ ಅಥವಾ ಒಣ ಬಿದಿರೇಣಿ ಮಾತ್ರ ಎಂಬ ನಿಯಮವನ್ನು ಪ್ರತಿ ತೋಟವೂ ಹಾಕಿಕೊಳ್ಳಬೇಕು. ಏಣಿಯನ್ನು ಯಾವಾಗಲೂ ಮಲಗಿಸಿ ಇಬ್ಬರು ಹೊರಬೇಕು. ಆ ಸಾಲಿನ ಮರಗಳಿಗೆ ಕೆಂಪು ಪಟ್ಟಿ ಬಳಿಯಬೇಕು. ಕೊಯ್ಲಿನ ದಿನ ಲೈನ್ ಆಫ್ ಮಾಡಿಕೊಡಿ ಎಂದು ವಿದ್ಯುತ್ ಕಂಪನಿಯಾದ ಸೆಸ್ಕ್‌ನ ಕಚೇರಿಗೆ ಮೊದಲೇ ಬರೆದು ಕೇಳಬೇಕು.

ಈ ಮಾತುಗಳನ್ನು ಯಾವ ಭಾಷೆಯಲ್ಲಿ ಹೇಳುತ್ತೇವೆ ಎಂಬುದೂ ಮುಖ್ಯ. ಇವತ್ತು ಏಣಿ ಹತ್ತುತ್ತಿರುವವರಲ್ಲಿ ಎರವರು, ಜೇನುಕುರುಬರು, ಬೆಟ್ಟಕುರುಬರು ಇದ್ದಾರೆ; ಹುಣಸೂರು, ಪಿರಿಯಾಪಟ್ಟಣದಿಂದ ಬೆಳಿಗ್ಗೆ ಗಾಡಿಯಲ್ಲಿ ಬಂದವರಿದ್ದಾರೆ; ಅಸ್ಸಾಂ, ಬಂಗಾಳದ ಬಯಲಿನಿಂದ ಬಂದು ಮೊದಲ ಸಲ ಇಂಥ ಇಳಿಜಾರು ನೋಡಿದ ಹುಡುಗರಿದ್ದಾರೆ. "ಮೇಲೆ ತಂತಿ ಇದೆ" ಎಂಬ ಮೂರು ಪದ ಅವರವರ ಭಾಷೆಯಲ್ಲಿ ಗೊತ್ತಿರದ ಮೇಸ್ತ್ರಿ ಅವರನ್ನು ಮರಕ್ಕೆ ಹತ್ತಿಸಬಾರದು.

ಏಳು

ಬಿದ್ದವರನ್ನು ಏಳಿಸುವ ಅವಸರದಲ್ಲಿ ನಾವು ಎರಡನೆಯ ಪೆಟ್ಟು ಕೊಡುತ್ತೇವೆ. ನನ್ನ ಕಕ್ಷಿದಾರರೊಬ್ಬರು ಏಣಿಯಿಂದ ಬಿದ್ದ ಮೇಲೆ ಕಾಲ್ಬೆರಳು ಅಲುಗಿಸಿದ್ದನ್ನು ಜೊತೆಯವರು ಕಂಡಿದ್ದರು. ನಾಲ್ವರು ಕಂಬಳಿಯ ನಾಲ್ಕು ಮೂಲೆ ಹಿಡಿದು ಎತ್ತಿದರು. ಮೈ ಜೋಲಿಯಂತೆ ಬಾಗಿತು. ಪಿಕಪ್ಪಿನ ಹಿಂದೆ ಮಲಗಿಸಿ ಕಲ್ಲುದಾರಿಯಲ್ಲಿ ತಂದರು. ಆಸ್ಪತ್ರೆ ತಲುಪುವಷ್ಟರಲ್ಲಿ ಬೆರಳು ಅಲುಗುವುದು ನಿಂತಿತ್ತು. ಎತ್ತಿದವರೆಲ್ಲ ಪ್ರೀತಿಯಿಂದಲೇ ಎತ್ತಿದ್ದರು. ಅವರಿಗೆ ಯಾರೂ ಕಲಿಸಿರಲಿಲ್ಲ.

ಎತ್ತರದಿಂದ ಬಿದ್ದವರ ಬೆನ್ನುಮೂಳೆ ಮುರಿದಿದೆ ಎಂದೇ ಭಾವಿಸಿ. ಕೂರಿಸಬೇಡಿ, ನಿಲ್ಲಿಸಬೇಡಿ, ನೀರು ಕುಡಿಸಬೇಡಿ. ಒಬ್ಬರು ತಲೆಯನ್ನು ಎರಡು ಕೈಯಿಂದ ಅಲುಗದಂತೆ ಹಿಡಿದು, ಉಳಿದವರು ಮರದ ದಿಮ್ಮಿ ಉರುಳಿಸಿದಂತೆ ಮೈಯನ್ನು ಒಂದೇ ನೇರದಲ್ಲಿ ಹೊರಳಿಸಿ, ಕೆಳಗೆ ಹಲಗೆ ತೂರಿಸಿ. 108ಕ್ಕೆ ಕರೆಮಾಡಿ, ಸಿಗ್ನಲ್ ಸಿಗುವ ಗುಡ್ಡ ಯಾವುದು ಎಂಬುದು ಮೊದಲೇ ಎಲ್ಲರಿಗೂ ಗೊತ್ತಿರಲಿ. ತಂತಿ ತಗುಲಿ ಬಿದ್ದವರನ್ನು ಮಾತ್ರ ವಿದ್ಯುತ್ ನಿಂತಿದೆ ಎಂದು ಖಚಿತವಾಗುವವರೆಗೆ ಮುಟ್ಟಬಾರದು. ಪ್ರತಿ ತೋಟದ ಗೋದಾಮಿನಲ್ಲಿ ಪಟ್ಟಿ ಹೊಡೆದ ಒಂದು ಉದ್ದ ಹಲಗೆ ಇರಲಿ. ಅದರ ಬೆಲೆ ಒಂದು ಚೀಲ ಮೆಣಸಿನ ಮುಂದೆ ಏನೂ ಅಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಸಂಸಾರ ಏಳಬೇಕು. ಇದಕ್ಕೆ ಕಾನೂನಿದೆ, ಅದಕ್ಕೆ ನೂರು ವರ್ಷವೂ ದಾಟಿದೆ. 1923ರ ಪರಿಹಾರ ಕಾಯ್ದೆಯ 3ನೇ ಕಲಂ ಹೇಳುತ್ತಿದ್ದುದು ಇಷ್ಟು: ಕೆಲಸದಿಂದ ಮತ್ತು ಕೆಲಸದ ವೇಳೆಯಲ್ಲಿ ಆದ ಅಪಘಾತಕ್ಕೆ ಮಾಲೀಕರು ಹೊಣೆ. "ಅವನೇ ಎಚ್ಚರ ತಪ್ಪಿದ" ಎಂಬುದು ಆ ಕಾಯ್ದೆಯಲ್ಲಿ ಉತ್ತರವೇ ಆಗಿರಲಿಲ್ಲ. ಕುಡಿದಿದ್ದರು, ಬೇಕೆಂದೇ ಸುರಕ್ಷಾ ನಿಯಮ ಮುರಿದರು ಎಂಬ ತಕರಾರು ಕೂಡ ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯದ ಸಂದರ್ಭದಲ್ಲಿ ನಿಲ್ಲುತ್ತಿರಲಿಲ್ಲ. ಕಾಲಿನ ಮೇಲೆ ತಪ್ಪು ಹೊರಿಸುವುದನ್ನು ಕಾನೂನು ಯಾವತ್ತೋ ಬಿಟ್ಟಿದೆ. ನಮ್ಮ ನಾಲಿಗೆ ಇನ್ನೂ ಬಿಟ್ಟಿಲ್ಲ.

ಆ ಕಾಯ್ದೆಯ ಲೆಕ್ಕವನ್ನೂ ಹೇಳುತ್ತೇನೆ. ಸಾವಿಗೆ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಅಂಕಿಯಿಂದ ಗುಣಿಸಬೇಕು. 2020ರಲ್ಲಿ ಈ ಲೆಕ್ಕಕ್ಕೆ ಕೂಲಿಯ ಮಿತಿಯನ್ನು 15,000 ರೂಪಾಯಿಗೆ ಏರಿಸಲಾಯಿತು. 40 ವರ್ಷದವರ ಅಂಕಿ 184.17. ಹಾಗಾಗಿ 7,500ನ್ನು 184.17ರಿಂದ ಗುಣಿಸಿದರೆ 13,81,275 ರೂಪಾಯಿ. ಜೀವನಪೂರ್ತಿ ದುಡಿಯಲಾಗದಂತಾದರೆ ಅರ್ಧದ ಬದಲು ನೂರಕ್ಕೆ ಅರವತ್ತು. ಚಿಕಿತ್ಸೆಯ ಖರ್ಚು ಬೇರೆ. ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ನೂರಕ್ಕೆ 12 ಬಡ್ಡಿ. ಅರ್ಜಿ ಹಾಕಲು ಎರಡು ವರ್ಷ ಅವಕಾಶ. ಗುತ್ತಿಗೆದಾರರ ಮೂಲಕ ಬಂದ ಆಳು ಎಂದು ಮಾಲೀಕರು ಕೈತೊಳೆದುಕೊಳ್ಳಲಾಗದು. ಆ ಕಾಯ್ದೆಯ 12ನೇ ಕಲಂ ಪ್ರಕಾರ ಮೊದಲು ಅವರೇ ಕೊಟ್ಟು, ಆಮೇಲೆ ಗುತ್ತಿಗೆದಾರರಿಂದ ವಸೂಲು ಮಾಡಿಕೊಳ್ಳಬೇಕಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಈಗ ಈ ಕಾಯ್ದೆಯ ಜಾಗದಲ್ಲಿದೆ, ಕಾಯ್ದೆಯ ತಿರುಳು ಅದರೊಳಗೆ ಸೇರಿಕೊಂಡಿದೆ. ಕೆಲಸದೊಂದಿಗೆ ನಂಟಿದ್ದರೆ, ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವೂ ಅದರಲ್ಲಿ ಬಂದಿದೆ. ಜೀಪಿನಲ್ಲಿ ಒತ್ತೊತ್ತಾಗಿ ನಿಂತು ಬರುವ ನಮ್ಮ ಜನಕ್ಕೆ ಇದು ದೊಡ್ಡ ಮಾತು.

ಕೊಡಗಿನ ಬಹುಪಾಲು ಬೆಳೆಗಾರರು ಸಣ್ಣ ಹಿಡುವಳಿಯವರು ಎಂಬುದನ್ನು ನಾನು ಮರೆತಿಲ್ಲ. ಅವರಲ್ಲಿ ಎಷ್ಟೋ ಜನ ತಾವೇ ಏಣಿ ಹತ್ತುತ್ತಾರೆ, ತಾವೇ ಬೀಳುತ್ತಾರೆ. ಹದಿಮೂರು ಲಕ್ಷಕ್ಕೂ ಹೆಚ್ಚು ಕೊಡಬೇಕಾಗಿ ಬಂದರೆ ಅವರ ತೋಟವೇ ಹೋಗುತ್ತದೆ. ಅದಕ್ಕಾಗಿಯೇ ಕಾರ್ಮಿಕರ ಪರಿಹಾರದ ವಿಮೆ ಇರುವುದು. ಹಂಗಾಮಿಗೆ ಮುಂಚೆ ಗೊಬ್ಬರದ ಲೆಕ್ಕ ಹಾಕುವಾಗ ಅದನ್ನೂ ಸೇರಿಸಿ. ಪ್ರಧಾನಮಂತ್ರಿ ಸುರಕ್ಷಾ ವಿಮೆಗೆ ವರ್ಷಕ್ಕೆ 20 ರೂಪಾಯಿ, ಅಪಘಾತದ ಸಾವಿಗೆ 2 ಲಕ್ಷ. ಬ್ಯಾಂಕ್ ಅಥವಾ ಅಂಚೆ ಖಾತೆ ಇರುವ 18ರಿಂದ 70 ವರ್ಷದವರೆಲ್ಲ ಸೇರಬಹುದು. ಇದು ಪರಿಹಾರದ ಬದಲಿಯಲ್ಲ. ಮಾಲೀಕರೂ ಆಳುಗಳೂ ಇಬ್ಬರೂ ಮಾಡಿಸಿಕೊಳ್ಳಬಹುದಾದ ಸಣ್ಣ ಆಸರೆ.

ಕೈಲ್‌ಪೋದ್ ಹಬ್ಬದ ದಿನ ಕೋವಿ, ಕತ್ತಿಗಳನ್ನು ತೊಳೆದು ಒರೆಸಿ ಹೂವಿಟ್ಟು ಗೌರವಿಸುವ ನಾಡು ಇದು. ಕೋವಿಯನ್ನು ಹಾಗೆ ಕೈಗೆತ್ತಿಕೊಂಡಾಗ ಅದರ ಸಣ್ಣ ತುಕ್ಕೂ ಕಣ್ಣಿಗೆ ಬೀಳುತ್ತದೆ. ಆ ಸಾಲಿನಲ್ಲಿ ಏಣಿಯನ್ನೂ ತಂದಿಡೋಣ. ಅದರ ಒಂದೊಂದು ಮೆಟ್ಟಿಲನ್ನು ಕೈಯಿಂದ ತಡವಿ, ಸಡಿಲವಾದದ್ದನ್ನು ಬಿಗಿದು, ಬಿರುಕು ಬಿಟ್ಟದ್ದನ್ನು ಅಂದೇ ಮುರಿದು ಒಲೆಗೆ ಹಾಕೋಣ.

ಕೊನೆಗೆ ಮತ್ತೆ ಅಪ್ಪನ ಪುಸ್ತಕಕ್ಕೆ ಬರುತ್ತೇನೆ. 1923ರ ಕಾಯ್ದೆಯ 10ನೇ ಕಲಂನಲ್ಲಿ ಅಪಘಾತದ ನೋಟಿಸ್ ಪುಸ್ತಕದ ಮಾತಿತ್ತು. ಗಾಯಗೊಂಡವರ ಕೈಗೆ ಸುಲಭವಾಗಿ ಸಿಗುವಂತೆ ಅದನ್ನು ಇಡಬೇಕೆಂದು ಸರ್ಕಾರ ಮಾಲೀಕರಿಗೆ ಹೇಳಬಹುದು ಎಂದಿತ್ತು. ಕಾನೂನಿನಲ್ಲಿ ಕಲಂ ಇತ್ತು, ಅಪ್ಪನ ಚೆಕ್‌ರೋಲಿನಲ್ಲಿ ಕಲಂ ಇರಲಿಲ್ಲ. ಸರ್ಕಾರದ ಆದೇಶಕ್ಕೆ ಕಾಯುವುದು ಬೇಡ. ಇಲ್ಲಿರುವ ರೈಟರುಗಳು, ಬೆಳೆಗಾರರು ನಾಳೆಯೇ ಸ್ಕೇಲು ಹಿಡಿದು ಪುಟದ ಬಲತುದಿಯಲ್ಲಿ ಒಂದು ಗೆರೆ ಎಳೆಯಿರಿ. ಯಾರು ಬಿದ್ದರು, ಎಲ್ಲಿ, ಎಷ್ಟು ಎತ್ತರದಿಂದ, ನೆಲ ಹೇಗಿತ್ತು, ಏಣಿ ಕಟ್ಟಿತ್ತೇ, ಹೊತ್ತು ಎಷ್ಟು ಎಂದು ಬರೆಯಿರಿ. ಬಿದ್ದು ಎದ್ದು ಮಣ್ಣು ಕೊಡವಿಕೊಂಡು ಕೆಲಸಕ್ಕೆ ಹೋದವರನ್ನೂ ಬರೆಯಿರಿ. ಎರಡು ಹಂಗಾಮು ಬರೆದರೆ, ಯಾವ ಇಳಿಜಾರು, ಯಾವ ಏಣಿ, ದಿನದ ಯಾವ ಹೊತ್ತು ಜನರನ್ನು ಬೀಳಿಸುತ್ತಿದೆ ಎಂದು ಆ ಪುಟವೇ ಹೇಳುತ್ತದೆ. "ಕಾಲು ಜಾರಿತು" ಎಂದು ಮಾತ್ರ ಬರೆಯಬೇಡಿ.

ಆ ಫೆಬ್ರವರಿಯ ಪುಟದಲ್ಲಿ ಅಡ್ಡಗೆರೆಗಳ ಸಾಲನ್ನು ಕೂಡಿದವನು ನಾನು. ಹನ್ನೊಂದೂವರೆ ಎಂದು ಬರೆದೆ. ಆ ಲೆಕ್ಕ ತಪ್ಪಾಗಿತ್ತು ಎಂದು ಇವತ್ತು ನಿಮ್ಮ ಮುಂದೆ ಹೇಳುತ್ತಿದ್ದೇನೆ.